ಟಿಕೆಟ್‌ಗಿಂತ ಮೊದಲು ಅಲ್ಲಿಯ ಪಂಚಾಂಗ ನೋಡಿ

ಹೋದ ಸಂಚಿಕೆಯಲ್ಲಿ ದ್ವೀಪಗಳ ಪ್ರವಾಸದ ಬಗ್ಗೆ ಏನಿದ್ದರೂ ಕೇಳಿ ಅಂದಿದ್ದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಪತ್ರ ಬಂದಿವೆ. ಅರ್ಧಕ್ಕರ್ಧ ಜನ ಕೇಳಿದ್ದು ಯಾವ ತಿಂಗಳು ಅಗ್ಗ ಅಂತ. ಸರಿ, ದುಡ್ಡು ಎಲ್ಲರಿಗೂ ಮುಖ್ಯ. ಆದರೆ ಅಷ್ಟು ದೂರ ಹೋಗಿ ನಾಲ್ಕು ದಿನ ಮರಳಿನ ಮೇಲೆ ಕೂತು, ಹೋಟೆಲ್ ತಿಂಡಿ ತಿಂದು, ಫೋಟೊ ತೆಗೆಸಿಕೊಂಡು, ಅಲ್ಲಿಯ ಒಬ್ಬರ ಜೊತೆಗೂ ಕೂತು ಮಾತಾಡದೆ ಬಂದವರನ್ನು ಬಹಳ ನೋಡಿದ್ದೇನೆ. ಅದೇ ಊರಿನ ಹಬ್ಬದ ದಿನ ಹೋಗಿದ್ದರೆ ಅವರೇ ಕರೆದು ಕೂರಿಸುತ್ತಿದ್ದರು. ಬನಶಂಕರಿ ಜಾತ್ರೆಗೆ ಬಂದ ಪರಊರಿನವರನ್ನು ನಾವು ಊಟಕ್ಕೆ ಕರೆಯುತ್ತೇವಲ್ಲ, ಹಾಗೆ. ಅದಕ್ಕೇ ಈ ಸಲ ಹಬ್ಬಗಳ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ಯುಗಾದಿ ಹೊತ್ತಿಗೆ ಬಾಲಿಗೆ ಹೋಗಬೇಕು ಅಂತ ಇದ್ದೇವೆ. ನಾವಿಬ್ಬರು, ಎರಡು ಮಕ್ಕಳು. ಆ ವಾರದಲ್ಲಿ ಒಂದು ದಿನ ಇಡೀ ದ್ವೀಪವೇ ಬಂದ್ ಅಂತೆ, ವಿಮಾನ ನಿಲ್ದಾಣ ಕೂಡ. ಪ್ಯಾಕೇಜ್ ಮಾಡಿಕೊಟ್ಟವರು ಇದನ್ನು ಹೇಳಲೇ ಇಲ್ಲ. ತಾರೀಖು ಮುಂದೆ ಹಾಕೋಣವಾ?
ಟಿಳಕವಾಡಿ, ಬೆಳಗಾವಿ

ಉತ್ತರ: ಹಾಕಬೇಡಿ ರೀ. ಆ ದಿನ ನೋಡಲಿಕ್ಕೆಂದೇ ಹೋಗುವ ಜನ ಇದ್ದಾರೆ. ನಿಮಗೆ ಹೇಳದೆ ಬಿಟ್ಟಿದ್ದು ಮಾತ್ರ ತಪ್ಪು. ಗೊತ್ತಿಲ್ಲದೆ ಅದೇ ದಿನದ ವಿಮಾನ ಹಿಡಿಯಲು ಹೊರಟಿದ್ದರೆ ಏನು ಗತಿ?

ಆ ದಿನದ ಹೆಸರು ನ್ಯೆಪಿ. ಬಾಲಿಯ ಹಿಂದೂಗಳ ಹೊಸ ವರ್ಷ. ಅವರು ಎಣಿಸುವುದೂ ಶಕ ವರ್ಷವನ್ನೇ. ನಮ್ಮ ಪಂಚಾಂಗದ ಮೊದಲ ಪುಟದಲ್ಲಿ ಶಾಲಿವಾಹನ ಶಕೆ ಅಂತ ಇರುತ್ತದಲ್ಲ, ಅದೇ. 2026ರಲ್ಲಂತೂ ನಮ್ಮ ಯುಗಾದಿ, ಅವರ ನ್ಯೆಪಿ ಎರಡೂ ಮಾರ್ಚ್ 19ಕ್ಕೆ, ಇಬ್ಬರಿಗೂ ಶಕೆ 1948. ಕೆಲವು ವರ್ಷ ಒಂದು ದಿನ ಹಿಂದೆ ಮುಂದೆ ಆಗುತ್ತದೆ. ಅಧಿಕ ಮಾಸ ಎಣಿಸುವ ರೀತಿ ಬೇರೆ ಆದಾಗ ತಿಂಗಳೇ ಆಚೀಚೆ ಆಗುವುದೂ ಉಂಟು, ಹಾಗಾಗಿ ನೀವು ಹೋಗುವ ವರ್ಷದ ತಾರೀಖನ್ನು ನೋಡಿಕೊಳ್ಳಿ.

ನಾವು ಬೇವು ಬೆಲ್ಲ ಹಂಚಿ ಮನೆಮನೆಗೆ ಹೋಗುತ್ತೇವೆ. ಅವರು ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ಸುಮ್ಮನೆ ಮನೆಯೊಳಗೆ ಇರುತ್ತಾರೆ. ಬೆಂಕಿ ಹಚ್ಚುವಂತಿಲ್ಲ, ದೀಪ ಹಾಕುವಂತಿಲ್ಲ. ಕೆಲಸ, ಓಡಾಟ, ಮನರಂಜನೆ ಯಾವುದೂ ಇಲ್ಲ. 2018ರಿಂದ ಆ ದಿನ ಮೊಬೈಲ್ ಇಂಟರ್ನೆಟ್ ಕೂಡ ನಿಲ್ಲಿಸುತ್ತಾರೆ. ಬೀದಿಯಲ್ಲಿ ಪೆಚಲಾಂಗ್ ಅನ್ನುವ ಊರ ಕಾವಲಿನವರು ಮಾತ್ರ ತಿರುಗುತ್ತಾರೆ, ಹೊರಗೆ ಯಾರಾದರೂ ಕಂಡರೆ ಒಳಗೆ ಕಳಿಸುತ್ತಾರೆ. ಪ್ರವಾಸಿಗರಿಗೂ ಇದೇ ನಿಯಮ, ಹೋಟೆಲ್ ಗೇಟ್ ದಾಟುವಂತಿಲ್ಲ. ಆಸ್ಪತ್ರೆಗೆ ಹೋಗುವ ತುರ್ತು ಇದ್ದರೆ ಬಿಡುತ್ತಾರೆ.

ಮಕ್ಕಳಿಗೆ ಖುಷಿ ಕೊಡುವುದು ಹಿಂದಿನ ದಿನದ ಸಂಜೆ. ನಮ್ಮ ಕಡೆ ಹೋಳಿ ಬಂತು ಅಂದರೆ ಓಣಿ ಹುಡುಗರು ಕಟ್ಟಿಗೆ, ಕುಳ್ಳು ಕೂಡಿಸಿ ಕಾಮಣ್ಣನನ್ನು ಕೂಡಿಸುತ್ತಾರಲ್ಲ, ಅಲ್ಲಿಯೂ ಓಣಿ ಓಣಿಯ ಹುಡುಗರು ವಾರಗಟ್ಟಲೆ ಕೂತು ಬಿದಿರು, ಕಾಗದದಲ್ಲಿ ದೊಡ್ಡ ದೊಡ್ಡ ರಾಕ್ಷಸರನ್ನು ಮಾಡುತ್ತಾರೆ. ಓಗೊ ಓಗೊ ಅಂತ ಹೆಸರು. ನಾವು ಡೆನ್‌ಪಸಾರ್‌ನ ಒಂದು ಚೌಕದಲ್ಲಿ ನಿಂತಿದ್ದೆವು. ಮನೆಯ ಮಾಳಿಗೆಯಷ್ಟು ಎತ್ತರದ ರಾಕ್ಷಸಿ, ಉದ್ದ ನಾಲಗೆ, ಕೆದರಿದ ಕೂದಲು, ಕೆಳಗೆ ಬಿದಿರಿನ ಚೌಕಟ್ಟು, ಅದಕ್ಕೆ ಹೆಗಲು ಕೊಟ್ಟ ಹುಡುಗರು. ಮುಂದೆ ಕಂಚಿನ ಜಾಗಟೆ, ತಾಳ, ಡೋಲು. ನಾಲ್ಕು ದಾರಿ ಕೂಡುವ ಜಾಗಕ್ಕೆ ಬಂದರೆ ಸಾಕು, ಎಲ್ಲರೂ ಒಂದೇ ಉಸಿರಿಗೆ ಓಡಿ ಇಡೀ ರಾಕ್ಷಸಿಯನ್ನು ಗರಗರ ತಿರುಗಿಸುತ್ತಾರೆ, ದುಷ್ಟ ಶಕ್ತಿಗಳಿಗೆ ದಾರಿ ತಪ್ಪಲಿ ಅಂತ. ನನ್ನ ಮಗ ಮೂರು ದಿನ ಅದನ್ನೇ ಹೇಳುತ್ತಿದ್ದ. ಆಮೇಲೆ ಸುಡುತ್ತಾರೆ, ಅದೂ ನಮ್ಮ ಕಾಮದಹನದ ಹಾಗೆಯೇ ಅಲ್ವಾ?

ಮರುದಿನ ರಾತ್ರಿ ದ್ವೀಪದಲ್ಲಿ ಒಂದು ದೀಪವೂ ಇಲ್ಲ. ಮೋಡ ಇಲ್ಲದಿದ್ದರೆ ಹೋಟೆಲ್ ಅಂಗಳಕ್ಕೆ ಬಂದು ಮೇಲೆ ನೋಡಿ. ನಾನು ಚಿಕ್ಕವಳಿದ್ದಾಗ ಕರೆಂಟ್ ಹೋದ ರಾತ್ರಿ ಮಾಳಿಗೆ ಮೇಲೆ ಮಲಗಿ ನೋಡಿದ ಆಕಾಶ ಅಲ್ಲಿ ಸಿಕ್ಕಿತು.

ನ್ಯೆಪಿಗೆ ಮೂರು ನಾಲ್ಕು ದಿನ ಮೊದಲೇ ಮುಟ್ಟಿ. ಬಿಳಿ ಬಟ್ಟೆ ಉಟ್ಟ ಊರವರು ದೇವರನ್ನು ಹೊತ್ತು ಸಮುದ್ರಕ್ಕೆ ಹೋಗುವ ಮೆಲಸ್ತಿ ಮೆರವಣಿಗೆಯೂ ಆಗ ಸಿಗುತ್ತದೆ. ಅಂಗಳ, ಗಿಡಮರ ಇರುವ ಹೋಟೆಲ್ ಹಿಡಿಯಿರಿ, ಒಂದು ಕೋಣೆಯಲ್ಲಿ ಮಕ್ಕಳನ್ನು ಇಡೀ ದಿನ ಕೂರಿಸಲು ಆಗುವುದಿಲ್ಲ. ಹಾಲು, ಔಷಧಿ, ಹಣ್ಣು ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ವಾಪಸ್ ವಿಮಾನ ಮರುದಿನ ಸಂಜೆಯದ್ದು ಇರಲಿ.

ಮಾರ್ಚ್ ಆಗದಿದ್ದರೆ ಗಲುಂಗನ್ ಹಬ್ಬ ನೋಡಿ, ಅದು 210 ದಿನಕ್ಕೊಮ್ಮೆ ಬರುತ್ತದೆ, 2026ರಲ್ಲಿ ಜೂನ್ 17, ಆಮೇಲೆ 2027ರ ಜನವರಿ 13. ಪ್ರತಿ ಮನೆ ಮುಂದೆ ಬಾಗಿದ ಬಿದಿರು ನೆಟ್ಟು ತೆಂಗಿನ ಗರಿ, ಭತ್ತದ ತೆನೆ ಕಟ್ಟಿರುತ್ತಾರೆ, ಇಡೀ ರಸ್ತೆಯೇ ಚಪ್ಪರದಂತೆ ಕಾಣುತ್ತದೆ. ಜುಲೈ, ಆಗಸ್ಟ್‌ನಲ್ಲಿ ಸನೂರ್ ಕಡೆ ಗಾಳಿಪಟದ ಕಾಲ. ಬೆಳಗಾವಿ ಗಾಳಿಪಟ ಉತ್ಸವ ನೋಡಿದ ಮಕ್ಕಳಾದರೆ ಅಲ್ಲಿಯ ಪಟದ ಅಳತೆ ನೋಡಿ ಬಾಯಿ ಬಿಡುತ್ತಾರೆ. ಒಂದೊಂದನ್ನು ಎತ್ತಲಿಕ್ಕೆ ಹತ್ತಾರು ಜನ ಬೇಕು.

ಪ್ರಶ್ನೆ: ಏಪ್ರಿಲ್ 12ರಿಂದ 16ರವರೆಗೆ ಶ್ರೀಲಂಕಾ ಹೋಟೆಲ್ ಅಗ್ಗಕ್ಕೆ ಸಿಗುತ್ತಿದೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ಹೋಗಬಹುದಾ? ಕ್ಯಾಂಡಿಯ ಆನೆಗಳ ಮೆರವಣಿಗೆ ಆಗ ಇರುತ್ತದಾ?
ಗೋಕಾಕ

ಉತ್ತರ: ಮೆರವಣಿಗೆ ಆಗ ಇರುವುದಿಲ್ಲ. ಹೋಗಬಹುದಾ ಅನ್ನುವುದಕ್ಕೆ ನಮ್ಮ ಮನೆಯ ಕತೆಯನ್ನೇ ಹೇಳುತ್ತೇನೆ.

ನಾವೂ ಹೀಗೇ ಅಗ್ಗ ಅಂತ ಏಪ್ರಿಲ್ ಹದಿಮೂರಕ್ಕೆ ಗಾಲ್ ಕೋಟೆ ಹತ್ತಿರದ ಒಂದು ಮನೆಯಲ್ಲಿ ಇಳಿದೆವು. ಟ್ರಾವೆಲ್ಸ್‌ನವರು ಏನೂ ಹೇಳಿರಲಿಲ್ಲ. ಸಿಂಹಳ ಮತ್ತು ತಮಿಳರ ಹೊಸ ವರ್ಷ ಏಪ್ರಿಲ್ 13, 14ಕ್ಕೆ. ಅಂಗಡಿ ಮುಚ್ಚಿವೆ, ಹೋಟೆಲ್ ಅಡುಗೆಯವರು ಊರಿಗೆ ಹೋಗಿದ್ದಾರೆ, ಬಸ್ ಕಡಿಮೆ. ಮೇಲೆ ಒಂದು ವಿಷಯ: ಹಳೆ ವರ್ಷ ಮುಗಿದು ಹೊಸ ವರ್ಷ ಬರುವ ನಡುವೆ ನೋನಗತೆ ಅಂತ ಕೆಲವು ಗಂಟೆ ಇರುತ್ತವೆ, ಆಗ ಒಲೆ ಹಚ್ಚುವುದಿಲ್ಲ, ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ನಮ್ಮ ಹತ್ತಿರ ಬಿಸ್ಕಿಟ್, ನಾಲ್ಕು ಬಾಳೆಹಣ್ಣು ಇದ್ದವು. ಮಕ್ಕಳು ಹಸಿವು ಅನ್ನುತ್ತಿದ್ದರು, ನನಗೆ ಅಳುವೇ ಬಂದಿತ್ತು.

ಆಗ ಆ ಮನೆಯೊಡತಿ ನಮ್ಮನ್ನು ಹಿಂದಿನ ಅಡುಗೆಮನೆಗೆ ಕರೆದರು. ಟಿವಿಯಲ್ಲಿ ಮುಹೂರ್ತ ಹೇಳುತ್ತಿದ್ದರು. ಸರಿಯಾದ ನಿಮಿಷಕ್ಕೆ ಹೊಸ ಮಣ್ಣಿನ ಗಡಿಗೆಯಲ್ಲಿ ಹಾಲು ಇಟ್ಟರು. ಎಲ್ಲರೂ ಸುತ್ತ ನಿಂತೆವು. ಹಾಲು ಏರಿತು, ಗಡಿಗೆ ಬಾಯಿಗೆ ಬಂತು, ಉಕ್ಕಿ ಒಂದು ಕಡೆ ಇಳಿದು ಕೆಂಡದ ಮೇಲೆ ಚೊಂಯ್ ಅಂತು. ಹೊರಗೆ ಪಟಾಕಿ ಶುರುವಾಯಿತು. ಗೃಹಪ್ರವೇಶದಲ್ಲಿ ಹಾಲು ಉಕ್ಕಿಸುವುದು ಗೊತ್ತಿದ್ದ ನನ್ನ ಅತ್ತೆ ತಾವಾಗಿಯೇ ಕೈ ಮುಗಿದು ನಿಂತಿದ್ದರು. ಆಮೇಲೆ ತೆಂಗಿನ ಹಾಲಿನಲ್ಲಿ ಬೇಯಿಸಿ ಚೌಕ ಚೌಕ ಕತ್ತರಿಸಿದ ಅನ್ನ, ಕಿರಿಬತ್ ಅಂತ. ತಟ್ಟೆಯಲ್ಲಿ ಕವುಂ, ನಮ್ಮ ಅತ್ರಸದ ತಂಗಿ ಅನ್ನಬಹುದು, ಅಕ್ಕಿ ಹಿಟ್ಟು ಮತ್ತು ಕಾಕಂಬಿ ಪಾಕ ಕಲಸಿ ಎಣ್ಣೆಯಲ್ಲಿ ಕರಿದದ್ದು. ಕೋಕಿಸ್ ಅಂತ ಗರಿಗರಿ ಅಚ್ಚಿನ ತಿಂಡಿ. ನಾನು ಅವರನ್ನು ಏನಂತ ಕರೆಯಲಿ ಅಂದೆ. ಅಕ್ಕಾ ಅನ್ನು ಅಂದರು. ಸಿಂಹಳದಲ್ಲೂ ಅಕ್ಕ ಅಂದರೆ ಅಕ್ಕನೇ, ಅಮ್ಮ ಅಂದರೆ ಅಮ್ಮನೇ!

ಹಾಗಾಗಿ ಹೋಗಿ, ಆದರೆ ಹೋಟೆಲ್ ಬಿಟ್ಟು ಮನೆಯವರೇ ನಡೆಸುವ ಜಾಗ ಹಿಡಿಯಿರಿ, ಹಬ್ಬಕ್ಕೆ ನಾವು ಇರುತ್ತೇವೆ ಅಂತ ಮೊದಲೇ ತಿಳಿಸಿ, ಎರಡು ದಿನಕ್ಕೆ ಸಾಕಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ಚೀಲದಲ್ಲಿ ಇರಲಿ.

ಇನ್ನು ಕ್ಯಾಂಡಿ. ಅಲ್ಲಿಯ ಎಸಲ ಪೆರಹೆರ ಜುಲೈ, ಆಗಸ್ಟ್‌ನಲ್ಲಿ ಬರುತ್ತದೆ, ನಿಕಿನಿ ಹುಣ್ಣಿಮೆಗೆ ಮುಗಿಯುತ್ತದೆ. ಬುದ್ಧನ ದಂತ ಇರುವ ದಳದಾ ಮಾಳಿಗಾವ ದೇವಸ್ಥಾನದಿಂದ ಹತ್ತು ರಾತ್ರಿ ಮೆರವಣಿಗೆ. ಮೊದಲ ಐದು ರಾತ್ರಿ ಕುಂಬಲ್, ಚಿಕ್ಕದು. ಆಮೇಲಿನ ಐದು ರಂದೋಲಿ, ರಾತ್ರಿಯಿಂದ ರಾತ್ರಿಗೆ ದೊಡ್ಡದಾಗುತ್ತ ಹೋಗುತ್ತದೆ. ಮುಂದೆ ಚಾಟಿ ಬೀಸುವವರು, ಆ ಸಪ್ಪಳ ಕೇಳಿದರೆ ಸಾಕು ಕೂತವರೆಲ್ಲ ಸೆಟೆದು ಕೂರುತ್ತಾರೆ. ಆಮೇಲೆ ಬೆಂಕಿ ಆಡಿಸುವವರು, ಬಾವುಟದವರು, ಕ್ಯಾಂಡಿ ಕುಣಿತದವರು, ಒಂದರ ಹಿಂದೆ ಒಂದು ಆನೆ. ದೊಡ್ಡ ದಂತದ ಆನೆ ಕರಂಡಕ, ಅಂದರೆ ಪವಿತ್ರ ಪೆಟ್ಟಿಗೆ, ಹೊತ್ತು ಬರುವಾಗ ಅದರ ಕಾಲ ಕೆಳಗೆ ಬಿಳಿ ಬಟ್ಟೆ ಹಾಸುತ್ತ ಹೋಗುತ್ತಾರೆ. ಬುದ್ಧನ ದಂತ ಮಾತ್ರ ದೇವಸ್ಥಾನದಲ್ಲೇ ಇರುತ್ತದೆ, ಹೊರಗೆ ಬರುವುದಿಲ್ಲ. ಅದರ ಹಿಂದೆ ನಾಥ, ವಿಷ್ಣು, ಕತರಗಾಮ, ಪತ್ತಿನಿ ದೇವಾಲಯಗಳ ಮೆರವಣಿಗೆ. ಇಡೀ ರಸ್ತೆಯಲ್ಲಿ ಪಂಜುಗಳಿಗೆ ಒಣಕೊಬ್ಬರಿ ಹಾಕಿ ಉರಿಸುತ್ತಾರೆ. ಆ ಸುಟ್ಟ ಕೊಬ್ಬರಿ ವಾಸನೆ ಮನೆಗೆ ಬಂದ ಮೇಲೂ ನನ್ನ ಸೀರೆಯಲ್ಲಿ ಇತ್ತು.

ಅಂಗಡಿ ಮುಂದಿನ ಕುರ್ಚಿಗೆ ದುಡ್ಡು ಕೇಳುತ್ತಾರೆ, ಕೊನೆಯ ರಾತ್ರಿಗಳಲ್ಲಿ ಜಾಸ್ತಿ. ಫುಟ್‌ಪಾತ್ ಪುಕ್ಕಟೆ, ಆದರೆ ಮಧ್ಯಾಹ್ನವೇ ಚಾಪೆ ಹಾಸಿ ಕೂರಬೇಕು. ಸಣ್ಣ ಮಕ್ಕಳು ಇದ್ದರೆ ರಂದೋಲಿಯ ಮೊದಲ ರಾತ್ರಿ ಸಾಕು. ಒಂದು ಮಾತು ಮುಚ್ಚಿಡುವುದಿಲ್ಲ. ಅಷ್ಟು ಬೆಂಕಿ, ಗದ್ದಲದ ನಡುವೆ ಸರಪಳಿ ಹಾಕಿದ ಆನೆಗಳನ್ನು ನಡೆಸುವುದಕ್ಕೆ ಆಕ್ಷೇಪ ಇದೆ. ನನಗೂ ಆ ಸರಪಳಿ ಕಂಡು ಸಂಕಟ ಆಯಿತು.

ಆನೆ ಬೇಡ ಅಂದರೆ ಮೇ ತಿಂಗಳ ಬುದ್ಧ ಪೂರ್ಣಿಮೆಯ ವೆಸಕ್‌ಗೆ ಹೋಗಿ. ಮನೆಮನೆಗೆ ಕಾಗದದ ಆಕಾಶಬುಟ್ಟಿ. ರಸ್ತೆ ಬದಿ ದಾನಶಾಲೆ ಹಾಕಿ ದಾರಿಹೋಕರಿಗೆಲ್ಲ ಊಟ, ಪಾನಕ ಕೊಡುತ್ತಾರೆ, ದುಡ್ಡು ಮುಟ್ಟುವುದಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರಿಗೆ ನಮ್ಮ ಹಳ್ಳಿಗಳಲ್ಲಿ ಮಾಡುವುದು ಇದನ್ನೇ.

ಪ್ರಶ್ನೆ: ನಾವು ವಯಸ್ಸಾದ ದಂಪತಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಕೂಡ ತಿನ್ನುವುದಿಲ್ಲ. ಮಗ ಥಾಯ್ಲೆಂಡ್‌ನ ಪುಕೆಟ್‌ಗೆ ಕರೆದೊಯ್ಯುತ್ತೇನೆ ಅನ್ನುತ್ತಾನೆ. ಅಲ್ಲಿ ನಾವು ಏನು ತಿನ್ನಬೇಕು ತಂಗಿ?
ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ಕಾಕಾ, ಬೇರೆ ದಿನ ಆಗಿದ್ದರೆ ನಾನೂ ಬೇಡ ಅನ್ನುತ್ತಿದ್ದೆ. ಅಲ್ಲಿ ಕಾಯಿಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. ಆದರೆ ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ, ಅಂದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್, ಪುಕೆಟ್‌ನಲ್ಲಿ ಸಸ್ಯಾಹಾರದ ಹಬ್ಬ. ಬಹಳ ವರ್ಷ ನಮ್ಮ ನವರಾತ್ರಿ ಜೊತೆಗೇ ಬರುತ್ತದೆ, ಕೆಲವು ವರ್ಷ ಒಂದು ತಿಂಗಳು ತಡ. 1825ರಲ್ಲಿ ಕಾಥು ಅನ್ನುವ ಊರಿಗೆ ಬಂದಿದ್ದ ಚೀನೀ ನಾಟಕ ಕಂಪನಿಯವರಿಗೆ ಜ್ವರ ಬಂತಂತೆ, ವ್ರತ ಹಿಡಿದು ಸಾತ್ವಿಕ ಊಟ ಮಾಡಿ ಗುಣವಾದರಂತೆ. ಅಲ್ಲಿಂದ ಶುರು ಅನ್ನುತ್ತಾರೆ.

ಆ ಒಂಬತ್ತು ದಿನ ಬೀದಿಗಳಲ್ಲಿ ಹಳದಿ ಬಾವುಟ ಕಾಣುತ್ತದೆ, ಮೇಲೆ ಕೆಂಪು ಅಕ್ಷರ. ಆ ಬಾವುಟ ಇದ್ದ ಅಂಗಡಿಯಲ್ಲಿ ಧೈರ್ಯವಾಗಿ ಕೂತು ಊಟ ಮಾಡಿ. ಜೇ ಅಂತ ಕೇಳಿ, ಅಷ್ಟು ಸಾಕು. ಮಾಂಸ, ಮೀನು, ಮೊಟ್ಟೆ ಇಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲ, ಹಾಲು ಕೂಡ ಇಲ್ಲ. ಹಾಗಾಗಿ ಮೊಸರು, ಚಹಾದ ಹಾಲು ಬೇಕೆಂದರೆ ಬೇರೆ ಕಡೆ ನೋಡಬೇಕು. ಬಿಳಿ ಬಟ್ಟೆ ಹಾಕಿಕೊಂಡು ಹೋಗಿ, ಎಲ್ಲರೂ ಬಿಳಿಯೇ ಹಾಕಿರುತ್ತಾರೆ.

ಬೆಳಗಿನ ಮೆರವಣಿಗೆಯಲ್ಲಿ ಮೈಮೇಲೆ ದೇವರು ಬಂದವರು ಕೆನ್ನೆಗೆ ಕಬ್ಬಿಣ ಚುಚ್ಚಿಕೊಂಡು ಬರುತ್ತಾರೆ. ವೀರಭದ್ರ ದೇವರ ಪುರವಂತರು ಶಸ್ತ್ರ ಹಾಕಿಕೊಳ್ಳುವುದನ್ನು ನೀವು ನೋಡಿರುತ್ತೀರಿ, ನಿಮಗೆ ಅಂಜಿಕೆ ಆಗಲಿಕ್ಕಿಲ್ಲ. ಮೊಮ್ಮಕ್ಕಳು ಜೊತೆಗಿದ್ದರೆ ಅವರನ್ನು ಆ ಹೊತ್ತಿಗೆ ಹೋಟೆಲಿನಲ್ಲೇ ಬಿಡಿ. ಪಟಾಕಿ ಬಹಳ, ಕಿವಿಗೆ ಹತ್ತಿ ಇರಲಿ.

ಪ್ರಶ್ನೆ: ನಮ್ಮದು ಕಬ್ಬಿನ ಹೊಲ. ಕಬ್ಬು ಬೆಳೆಯುವ ದ್ವೀಪಗಳಲ್ಲಿ ನಮ್ಮ ಹಾಗೆ ಏನಾದರೂ ಹಬ್ಬ ಇದೆಯಾ?
ಮುಧೋಳ

ಉತ್ತರ: ಈ ಪ್ರಶ್ನೆ ಓದಿ ಬಹಳ ಸಂತೋಷ ಆಯಿತು. ಇದೆ. ಕೆರಿಬಿಯನ್ ಸಮುದ್ರದ ಬಾರ್ಬಡೋಸ್‌ನಲ್ಲಿ ಕ್ರಾಪ್ ಓವರ್ ಅಂತ. ಹೆಸರಿನ ಅರ್ಥವೇ ಕಬ್ಬಿನ ಹಂಗಾಮು ಮುಗಿಯಿತು ಅಂತ. 1780ರ ಹೊತ್ತಿನಿಂದ ಇದೆ. ಆಗ ಹೊಲದಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಗುಲಾಮರಾಗಿ ತಂದ ಜನ. ಕೊನೆಯ ಗಾಡಿ ಕಬ್ಬು ಗಾಣಕ್ಕೆ ಬಂದ ದಿನ ಅವರಿಗೆ ಕುಣಿಯಲು, ಹಾಡಲು ಬಿಡುವು. ಸಕ್ಕರೆ ವ್ಯಾಪಾರ ಬಿದ್ದ ಮೇಲೆ ಹಬ್ಬವೂ ನಿಂತಿತ್ತು, 1974ರಲ್ಲಿ ಮತ್ತೆ ಶುರು ಮಾಡಿದರು.

ಈಗಲೂ ಕೊನೆಯ ಕಬ್ಬನ್ನು ಅಲಂಕಾರ ಮಾಡಿ ತಂದು ಒಪ್ಪಿಸುವ ಶಾಸ್ತ್ರ ಇದೆ. ಹೆಚ್ಚು ಕಬ್ಬು ಕಡಿದ ಗಂಡಸು, ಹೆಂಗಸಿಗೆ ಹಂಗಾಮಿನ ರಾಜ, ರಾಣಿ ಅಂತ ಗೌರವ ಕೊಡುತ್ತ ಬಂದಿದ್ದಾರೆ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ನಮ್ಮಲ್ಲಿ ಕೊನೆ ಟ್ರ್ಯಾಕ್ಟರಿಗೆ ಗುಲಾಲ್ ಹಾಕಿ ಮಾಲೆ ಹಾಕುತ್ತೇವೆ, ಕಡಿದ ಗ್ಯಾಂಗಿನವರು ಅಷ್ಟರಲ್ಲಿ ಗುಡಿಸಲು ಕಿತ್ತು ಊರಿಗೆ ಹೊರಟಿರುತ್ತಾರೆ. ಅವರಲ್ಲಿ ಒಬ್ಬ ಹೆಣ್ಣುಮಗಳನ್ನು ಕರೆದು ಶಾಲು ಹೊದಿಸಿದರೆ ಎಷ್ಟು ಚಂದ, ಅಲ್ವಾ?

ಕೊನೆಯ ದೊಡ್ಡ ಮೆರವಣಿಗೆ ಆಗಸ್ಟ್ ತಿಂಗಳ ಮೊದಲ ಸೋಮವಾರ. ದೂರ ಬಹಳ, ಎರಡು ಮೂರು ವಿಮಾನ ಬದಲಿಸಬೇಕು, ಖರ್ಚೂ ಹಾಗೆಯೇ. ಹತ್ತು ಹನ್ನೆರಡು ದಿನ ಬಿಡುವು ಇದ್ದರೆ ಮಾತ್ರ ಯೋಚಿಸಿ.

ಪ್ರಶ್ನೆ: ಮಾಲ್ಡೀವ್ಸ್‌ನಲ್ಲಿ ನೋಡುವಂಥ ಹಬ್ಬ ಯಾವುದು?
ಶಹಾಪುರ, ಬೆಳಗಾವಿ

ಉತ್ತರ: ಈದ್. ರೆಸಾರ್ಟ್ ದ್ವೀಪದಲ್ಲಿ ಉಳಿದರೆ ಅದು ಗೊತ್ತೇ ಆಗುವುದಿಲ್ಲ, ಊರವರು ಇರುವ ದ್ವೀಪದಲ್ಲಿ ಉಳಿಯಿರಿ. ಬೋಡು ಬೆರು ಅನ್ನುವ ಡೋಲಿನ ಮೇಳ ಇರುತ್ತದೆ, ನಿಧಾನ ಶುರುವಾಗಿ ಕೊನೆಗೆ ಕೂತವರೂ ಏಳುವಂತೆ ಬಾರಿಸುತ್ತಾರೆ. ರಂಜಾನ್ ತಿಂಗಳಲ್ಲಿ ಹೋದರೆ ಊರ ದ್ವೀಪಗಳಲ್ಲಿ ಹಗಲು ಹೋಟೆಲ್ ಮುಚ್ಚಿರುತ್ತವೆ. ಬಟ್ಟೆ ಮೈ ತುಂಬ ಇರಲಿ.

ಪ್ರಶ್ನೆ: ನಾನು ಹಲಗಿ ಬಾರಿಸುತ್ತೇನೆ. ನಮ್ಮೂರ ಮೊಹರಂನಲ್ಲಿ ಹಿಂದೂ, ಮುಸ್ಲಿಂ ಎಲ್ಲರೂ ಸೇರುತ್ತೇವೆ. ಟ್ರಿನಿಡಾಡ್ ಅನ್ನುವ ದ್ವೀಪದಲ್ಲೂ ಮೊಹರಂ ಹೀಗೇ ಇದೆ ಅಂತ ಯಾರೋ ಹೇಳಿದರು. ನಿಜವಾ?
ಸಿಂದಗಿ, ವಿಜಯಪುರ ಜಿಲ್ಲೆ

ಉತ್ತರ: ನಿಜ ತಮ್ಮಾ. ಅಲ್ಲಿ ಅದಕ್ಕೆ ಹೊಸೇ ಅನ್ನುತ್ತಾರೆ, ಹುಸೇನ್ ಹೆಸರಿನಿಂದ ಬಂದದ್ದು. 1845ರ ಮೇ 30ರಂದು ಭಾರತದಿಂದ ಕೂಲಿಗಳ ಮೊದಲ ಹಡಗು ಆ ದ್ವೀಪ ಮುಟ್ಟಿತು. 1917ರವರೆಗೆ ಹಡಗು ಹೋಗುತ್ತಲೇ ಇದ್ದವು. ಹೋದವರು ಕಬ್ಬಿನ ಹೊಲಕ್ಕೆ, ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು. ಅವರ ಗಂಟಿನಲ್ಲಿ ಮೊಹರಂ ಕೂಡ ಹೋಯಿತು.

ಪೋರ್ಟ್ ಆಫ್ ಸ್ಪೇನ್‌ನ ಸೇಂಟ್ ಜೇಮ್ಸ್ ಬಡಾವಣೆಯಲ್ಲಿ ಕೆಲವು ಮನೆತನಗಳು ತಲೆಮಾರಿನಿಂದ ತಾಜಿಯಾ ಕಟ್ಟುತ್ತ ಬಂದಿವೆ. ನಮ್ಮ ಡೋಲಿ ಇದ್ದ ಹಾಗೆ, ಬಿದಿರು, ಬಣ್ಣದ ಕಾಗದ. ಮೊದಲ ರಾತ್ರಿ ಬಾವುಟ, ಮರುರಾತ್ರಿ ಚಿಕ್ಕ ತಾಜಿಯಾ, ಆಮೇಲೆ ದೊಡ್ಡದು. ಹಸನ್, ಹುಸೇನ್ ನೆನಪಿಗೆ ಎರಡು ಚಂದ್ರ, ಒಂದು ಹಸಿರು, ಒಂದು ಕೆಂಪು. ಅವನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಕೊನೆಗೆ ಸಮುದ್ರಕ್ಕೆ ಬಿಡುತ್ತಾರೆ. ಅಲ್ಲಿಯೂ ಹಿಂದೂಗಳು, ಆಫ್ರಿಕಾ ಮೂಲದವರು ಎಲ್ಲರೂ ಸೇರುತ್ತಾರೆ. 1884ರಲ್ಲಿ ಸ್ಯಾನ್ ಫರ್ನಾಂಡೊ ಊರಿಗೆ ಮೆರವಣಿಗೆ ಬರಬಾರದು ಅಂತ ಬ್ರಿಟಿಷರು ತಡೆದರು, ಗುಂಡು ಹಾರಿಸಿದರು, ಹಲವರು ಸತ್ತರು. ಆದರೂ ಹಬ್ಬ ಬಿಡಲಿಲ್ಲ.

ನಿನಗೆ ಬೇಕಾದದ್ದು ಅಲ್ಲಿಯ ವಾದ್ಯ. ತಾಸಾ ಅಂತ, ಮಣ್ಣಿನ ಬುಡ, ಮೇಲೆ ಆಡಿನ ಚರ್ಮ, ಎರಡು ಸಣ್ಣ ಕೋಲು. ಬಾರಿಸುವ ಮೊದಲು ಬೆಂಕಿ ಹಾಕಿ ಚರ್ಮ ಕಾಸುತ್ತಾರೆ. ನೀನು ಹಲಗಿ ಕಾಸುವಾಗ ಬೆರಳಲ್ಲಿ ಮೆಲ್ಲಗೆ ಬಡಿದು ನೋಡುತ್ತೀಯಲ್ಲ, ಅವರೂ ಹಾಗೇ ನೋಡುತ್ತಾರೆ. ಹೋಗುವುದಾದರೆ ಮೊಹರಂ ತಾರೀಖು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ ಅನ್ನುವುದು ನೆನಪಿರಲಿ.

ಪ್ರಶ್ನೆ: ಫೆಬ್ರವರಿಯಲ್ಲಿ ಮದುವೆ. ಆಮೇಲೆ ಮಾರಿಷಸ್. ನಾವಿಬ್ಬರೂ ಬರೀ ಬೀಚ್ ಸುತ್ತುವವರಲ್ಲ. ಏನು ನೋಡಬಹುದು?
ಖಾನಾಪುರ

ಉತ್ತರ: ಮೊದಲು ಶುಭಾಶಯ. ಶಿವರಾತ್ರಿ ಯಾವತ್ತು ಅಂತ ನೋಡಿ, ಅದರ ಹಿಂದಿನ ಮೂರು ನಾಲ್ಕು ದಿನಕ್ಕೆ ಅಲ್ಲಿರಿ. ದ್ವೀಪದ ನಡುವೆ ಗುಡ್ಡದ ಮೇಲೆ ಗಂಗಾ ತಲಾವ್ ಅನ್ನುವ ಕೆರೆ ಇದೆ, ಅಲ್ಲಿಯವರು ಗ್ರ್ಯಾಂಡ್ ಬಾಸಿನ್ ಅಂತಲೂ ಅನ್ನುತ್ತಾರೆ. ದ್ವೀಪದ ಮೂಲೆ ಮೂಲೆಯಿಂದ ಬಿಳಿ ಬಟ್ಟೆ ಉಟ್ಟು ಜನ ಆ ಕೆರೆಗೆ ನಡೆದು ಬರುತ್ತಾರೆ. ಹೆಗಲ ಮೇಲೆ ಬಿದಿರಿನ ಕಾವಡಿ, ಹೂವು, ಕನ್ನಡಿ. ದಾರಿಯುದ್ದಕ್ಕೂ ಮನೆಯವರು ಟೇಬಲ್ ಹಾಕಿ ಹಣ್ಣು, ನೀರು, ತಿಂಡಿ ಹಂಚುತ್ತಾರೆ. ಕೆರೆ ಹತ್ತಿರ 108 ಅಡಿ ಎತ್ತರದ ಶಿವನ ಮೂರ್ತಿ ಇದೆ, 2007ರಲ್ಲಿ ನಿಲ್ಲಿಸಿದ್ದು. ನೀವೂ ಒಂದು ಐದು ಕಿಲೋಮೀಟರ್ ಅವರ ಜೊತೆ ನಡೆಯಿರಿ, ಕಾರಿನಲ್ಲಿ ಹೋದರೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತೀರಿ.

ಮದುವೆಗೆ ಮುಹೂರ್ತ ಮುಂದೆ ಹೋದರೂ ಚಿಂತೆ ಇಲ್ಲ. ಆ ಸಣ್ಣ ದೇಶದಲ್ಲಿ ಯುಗಾದಿಗೂ ಸರಕಾರಿ ರಜೆ, ಗಣೇಶ ಹಬ್ಬಕ್ಕೂ ರಜೆ. ಕೊಂಕಣದ ಕಡೆಯಿಂದ ಹೋದ ಮರಾಠಿ ಕುಟುಂಬಗಳು ಗಣಪತಿ ಕೂರಿಸಿ ಸಮುದ್ರಕ್ಕೆ ಬಿಡುತ್ತವೆ, ಬೆಳಗಾವಿಯ ಮೆರವಣಿಗೆ ನೋಡಿದವರಿಗೆ ಮನೆ ನೆನಪಾಗುತ್ತದೆ. ಮಾರ್ಚ್ 12 ಸ್ವಾತಂತ್ರ್ಯ ದಿನ, 1968ರಿಂದ. ಪೋರ್ಟ್ ಲೂಯಿಯಲ್ಲಿ ಕೂಲಿಗಳು ಹಡಗಿನಿಂದ ಇಳಿದ ಅಪ್ರವಾಸಿ ಘಾಟ್ ಇದೆ, 1834ರಿಂದ ಅಲ್ಲಿ ಇಳಿದವರು. ಅದನ್ನು ಬಿಟ್ಟು ಬರಬೇಡಿ. ಬೀದಿಯಲ್ಲಿ ದಾಲ್ ಪುರಿ ತಿನ್ನಿ. ಹೋಳಿಗೆ ಹಾಗೆ ಒಳಗೆ ಬೇಳೆ ಹೂರಣ, ಬೆಲ್ಲ ಮಾತ್ರ ಇಲ್ಲ, ಮೇಲೆ ಪಲ್ಯ, ಚಟ್ನಿ.

ನವೆಂಬರ್‌ನಿಂದ ಏಪ್ರಿಲ್ ಅಲ್ಲಿ ಚಂಡಮಾರುತದ ಕಾಲ. ದಿನಾ ಹವಾಮಾನ ಸುದ್ದಿ ಕೇಳಿ, ಪ್ರವಾಸದ ವಿಮೆ ಮಾಡಿಸಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕ. ಪಾಸ್‌ಪೋರ್ಟ್ ಇಲ್ಲ, ದುಡ್ಡೂ ಕಡಿಮೆ. ನಮ್ಮ ದೇಶದಲ್ಲೇ ದ್ವೀಪದ ಹಬ್ಬ ಇಲ್ಲವೇ?
ವಿಜಯಪುರ

ಉತ್ತರ: ಇದೆ ಸರ್, ನಿಮ್ಮೂರ ಹೆಸರಿನ ಊರಲ್ಲೇ! ಅಂಡಮಾನ್‌ನ ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರ್‌ನಿಂದ ಶ್ರೀ ವಿಜಯ ಪುರಂ ಆಗಿದೆ. 1943ರ ಡಿಸೆಂಬರ್ 30ರಂದು ನೇತಾಜಿ ಬಾವುಟ ಹಾರಿಸಿದ ಊರು ಅದು. ಜನವರಿಯಲ್ಲಿ ಹೋಗಿ, 23ಕ್ಕೆ ನೇತಾಜಿ ಜಯಂತಿ, ಆ ಹೊತ್ತಿಗೆ ಸ್ವರಾಜ್ ದ್ವೀಪದಲ್ಲಿ, ಅಂದರೆ ಹಳೆಯ ಹ್ಯಾವ್‌ಲಾಕ್‌ನಲ್ಲಿ, ಸುಭಾಷ್ ಮೇಳ ಆಗುತ್ತದೆ. ಮಳೆ ಇಲ್ಲ, ಸಮುದ್ರ ಶಾಂತ. ಸೆಲ್ಯುಲರ್ ಜೈಲಿನ ಬೆಳಕು ಮತ್ತು ಧ್ವನಿ ಕಾರ್ಯಕ್ರಮ ಸಂಜೆ ಇರುತ್ತದೆ. ದಸರೆ ರಜೆ ಮಾತ್ರ ಸಿಗುತ್ತದೆ ಅಂದರೆ ಬಂಗಾಳಿಗಳು ಹೆಚ್ಚಿರುವ ಶಹೀದ್ ದ್ವೀಪದಲ್ಲಿ ದುರ್ಗಾ ಪೂಜೆ ನೋಡಿ, ಆದರೆ ಆಗ ಮಳೆ ಸಾಧ್ಯತೆ ಇದೆ.

ಅಲ್ಲಿಯ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇರೆ. ಜನವರಿಯಲ್ಲಿ ಐದು, ಐದೂಕಾಲಿಗೆ ಮುಳುಗಿಬಿಡುತ್ತಾನೆ. ಸಂಜೆ ಆರಕ್ಕೆ ಬೀಚಿಗೆ ಹೋಗೋಣ ಅಂದುಕೊಂಡರೆ ಕತ್ತಲು. ದ್ವೀಪದಿಂದ ದ್ವೀಪಕ್ಕೆ ಸರಕಾರಿ ಹಡಗು ಅಗ್ಗ, ಮೇಳದ ದಿನ ಬೇಗ ತುಂಬುತ್ತದೆ, ಅದನ್ನು ಮೊದಲು ಕಾಯ್ದಿರಿಸಿ.

ಪ್ರಶ್ನೆ: ಅಕ್ಕಾ, ಹಬ್ಬಕ್ಕೆ ಕರೆದವರ ಮನೆಗೆ ಬರಿಗೈಲಿ ಹೋಗೋದು ಹೇಗೆ? ಕುಂದಾ ಒಯ್ಯಬಹುದಾ?
ಅನಗೋಳ, ಬೆಳಗಾವಿ

ಉತ್ತರ: ಕುಂದಾ ಬೇಡ, ಹಾಲಿನದು, ದೂರದ ಪ್ರಯಾಣದಲ್ಲಿ ಕೆಡಬಹುದು, ಎಷ್ಟೋ ದೇಶಗಳಲ್ಲಿ ಹಾಲಿನ ತಿಂಡಿಗೆ ತಕರಾರು ಇದೆ. ಕರದಂಟು ಒಯ್ಯಿರಿ. ಅಂಗಡಿಯ ಸೀಲ್ ಒಡೆಯದ ಡಬ್ಬಿ ಇರಲಿ, ವಿಮಾನ ನಿಲ್ದಾಣದಲ್ಲಿ ತಿಂಡಿ ಇದೆ ಅಂತ ನೀವೇ ಹೇಳಿಬಿಡಿ. ಗಾಲ್‌ನ ಆ ಅಕ್ಕನಿಗೆ ನಾನು ಕೊಟ್ಟಿದ್ದು ಗೋಕಾಕದ ಕರದಂಟು. ಅವರು ಅದನ್ನು ಒಳಗೆ ಇಡಲಿಲ್ಲ. ಚಾಕು ತಂದು ಸಣ್ಣ ಸಣ್ಣ ತುಂಡು ಮಾಡಿ, ಕವುಂ ಇದ್ದ ತಟ್ಟೆಯಲ್ಲೇ ಜೋಡಿಸಿ, ವರ್ಷದ ಮೊದಲ ದಿನ ಬಂದ ನೆರೆಯವರಿಗೆಲ್ಲ ಅದರಿಂದಲೇ ಕೊಟ್ಟರು.